ಮುಖಪುಟಕ್ಕೆ ಯಾರ ಹೆಸರು

ಜೂನ್ 2

ನನ್ನ ಕಾದಂಬರಿಯನ್ನು ಅಚ್ಚು ಹಾಕಲು ಒಬ್ಬರು ಒಪ್ಪಿಕೊಂಡಿದ್ದಾರೆ. ಇದೇ ವಾಕ್ಯವನ್ನು ಇನ್ನೊಂದು ಸಲ ಬರೆಯೋಣ ಎನಿಸುತ್ತಿದೆ. ಆದರೆ ಐವತ್ತೆರಡು ದಾಟಿದ ಸರ್ಕಾರಿ ನೌಕರನಿಗೆ ಇಷ್ಟು ಕುಣಿತ ಶೋಭಿಸುವುದಿಲ್ಲ.

ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಪ್ರಕಾಶಕರು ಖುದ್ದಾಗಿ ಫೋನ್ ಮಾಡಿದರು. ನಾನು ಆಗ ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆ ಕ್ಯಾನು ಹಿಡಿದು ನಿಂತಿದ್ದೆ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು ತಪಾಸಣೆಯ ನಡುವೆ ತನ್ನಷ್ಟಕ್ಕೆ ನಗುತ್ತಾ ನಿಂತರೆ ಬಂಕಿನ ಮಾಲೀಕನ ಎದೆ ಧಸಕ್ಕೆನ್ನುತ್ತದೆ ಎಂದು ಇವತ್ತು ಗೊತ್ತಾಯಿತು. ಪಾಪ, ನಾನು ಕೇಳುವ ಮೊದಲೇ ಆತ ಎರಡು ಪಂಪು ಬಂದ್ ಮಾಡಿಸಿ ತಪ್ಪೊಪ್ಪಿಕೊಂಡ.

ಪ್ರಕಾಶಕರು ಹೊಗಳಿದ್ದೇ ಹೊಗಳಿದ್ದು. ಆದರೆ ನನ್ನ ನಾಯಕನನ್ನಲ್ಲ. ಕೊಳೆತ ಇಲಾಖೆಯ ನಡುವೆ ತಲೆಯೆತ್ತಿ ನಿಂತ ಆ ಪ್ರಾಮಾಣಿಕ, ಸಂವೇದನಾಶೀಲ, ಸ್ವಲ್ಪ ಬೊಕ್ಕತಲೆಯ ಇನ್‌ಸ್ಪೆಕ್ಟರನ ಬಗ್ಗೆ (ಯಾರ ಹೋಲಿಕೆಯೂ ಇಲ್ಲ) ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅವನ ಹೆಂಡತಿಯ ಪಾತ್ರದ ಬಗ್ಗೆಯೇ ಇಪ್ಪತ್ತು ನಿಮಿಷ.

"ಆ ಹೆಂಗಸಿನ ಮಾತಿದೆಯಲ್ಲ ಸಾರ್, ಅಬ್ಬಾ! ಪಿಂಚಣಿ ಕಚೇರೀಲಿ ಗುಮಾಸ್ತ ಹೇಳ್ತಾನಲ್ಲ, ನಿಮ್ಮ ಫೈಲಿಗೆ ಇನ್ನೂ ಹೆಸರೇ ಹಾಕಿರ್ಲಿಲ್ಲ, ಅಷ್ಟರಲ್ಲೇ ಕಳೆದುಹೋಯ್ತು ಅಂತ. ಅದಕ್ಕೆ ಅವಳು, 'ಹೆಸರಿಡೋ ಮೊದ್ಲೇ ಹೋದವ್ರಿಗೆ ಯಾವ ಕಿಟಕಿ?' ಅಂತ ಕೇಳ್ತಾಳಲ್ಲ! ನಕ್ಕೂ ನಕ್ಕೂ ನನ್ನ ಟೀ ಚೆಲ್ಲಿಹೋಯ್ತು."

ಆ ಮಾತು ನನಗೂ ಇಷ್ಟವೇ. ಹಳೆಯ ದಿನಚರಿಯೊಂದರಲ್ಲಿ ಒಂಟಿ ಸಾಲಾಗಿ ಬಿದ್ದಿತ್ತು, ಎತ್ತಿಕೊಂಡೆ. ಯಾವಾಗ ಬರೆದೆನೋ ನೆನಪಿಲ್ಲ.

ಇರುವುದು ಒಂದೇ ತೊಡಕು. ಕಾದಂಬರಿಯಲ್ಲಿ ಒಬ್ಬ ಪೆದ್ದ ಅಧಿಕಾರಿ ಬರುತ್ತಾನೆ. ಅವನನ್ನು ಓದಿದವರಿಗೆ ನಮ್ಮ ಮೇಲಧಿಕಾರಿಯ ನೆನಪಾಗದೆ ಇರದು. ಅವರು ಕೂತ ಕುರ್ಚಿಯೆಲ್ಲ ಒಂದು ಕಡೆ ವಾಲುವುದರಿಂದ ಕಚೇರಿಯಲ್ಲಿ ಅವರಿಗೆ 'ದೊಡ್ಡ ತಕ್ಕಡಿ' ಎಂದು ಹೆಸರು. ನನ್ನ ಹೆಸರಿನಲ್ಲಿ ಪುಸ್ತಕ ತರಬೇಕಾದರೆ ಇಲಾಖೆಯ ಅನುಮತಿ ಬೇಕು, ಅನುಮತಿ ಪತ್ರಕ್ಕೆ ಸಹಿ ಹಾಕಬೇಕಾದವರು ದೊಡ್ಡ ತಕ್ಕಡಿಯವರೇ. ಆದ್ದರಿಂದ ಕಾವ್ಯನಾಮ. ಮುಖಪುಟ ಮೂವತ್ತನೇ ತಾರೀಖು ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ಹೆಸರು ತಿಳಿಸಬೇಕಂತೆ.

ಜೂನ್ 4

ಮಧ್ಯಾಹ್ನದ ಬಿಡುವಿನಲ್ಲಿ ಪಟ್ಟಿ ಮಾಡಿದೆ. ಮೌನಪ್ರಿಯ, ಏಕಾಂತವಾಸಿ, ಕಟುಸತ್ಯ, ಗರಗಸ. ಸಂಜೆ ಹೆಂಡತಿಗೆ ತೋರಿಸಿದೆ. ಅದು ನನ್ನ ತಪ್ಪು.

ಅವಳು ಇಪ್ಪತ್ತಾರು ವರ್ಷದಿಂದ ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿದ್ದಾಳೆ. ಬಂದವರ ಹೆಸರು, ವಯಸ್ಸು, ಕಾಯಿಲೆ ಕೇಳಿ ಬರೆದು, ಯಾವ ಕಿಟಕಿಗೆ, ಯಾವ ಕೋಣೆಗೆ ಹೋಗಬೇಕೆಂದು ಚೀಟಿ ಕೊಡುವ ಕೆಲಸ. ದಿನಕ್ಕೆ ಮುನ್ನೂರು ಜನರ ಜೊತೆ ಮಾತಾಡಿ ಬಂದ ಮೇಲೂ ಅವಳ ಬಾಯಿ ದಣಿಯುವುದಿಲ್ಲ.

"ಮೌನಪ್ರಿಯಾನಾ? ನೀವಾ? ಸ್ನಾನಕ್ಕೆ ಹೋದ್ರೂ ಒಳಗಿಂದ ಭಾಷಣ ಮಾಡ್ತೀರಲ್ರೀ."

"ಏಕಾಂತವಾಸಿ ಹೇಗಿದೆ?"

"ಅಂದ್ರೆ ಒಬ್ರೇ ಇರೋರು. ಹಾಗಾದ್ರೆ ಇಷ್ಟು ವರ್ಷ ನಿಮ್ಮ ಬಟ್ಟೆ ಒಗೀತಿರೋದು ಯಾರು, ದೆವ್ವಾನಾ? ಗರಗಸ ಇಟ್ಕೊಳ್ಳಿ. ಮಲಗಿದ್ಮೇಲೆ ನಿಮ್ಮ ಮೂಗಿಂದ ಬರೋದು ಅದೇ ಸದ್ದು."

ಇವಳ ಜೊತೆ ಸಾಹಿತ್ಯ ಮಾತಾಡಲು ಹೋದವನಿಗೆ ಬುದ್ಧಿ ಇಲ್ಲ. ಅಷ್ಟಕ್ಕೇ ಬಿಟ್ಟಳೇ? ಪಾತ್ರೆ ಒರೆಸುತ್ತಾ ಮುಂದುವರಿಸಿದಳು. "ನಮ್ಮ ಕೌಂಟರಿಗೆ ದಿನಾ ನಾಲ್ಕು ಜನ ಸುಳ್ಳು ಹೆಸರು ಹೇಳ್ಕೊಂಡು ಬರ್ತಾರೆ. ಯಾರು ಅಂತ ಹಿಡಿಯೋದು ಸುಲಭ. ಕೂಗಿದಾಗ ತಿರುಗಿ ನೋಡಲ್ವಲ್ಲ, ಅವ್ರೇ." ಆಮೇಲೆ, "ಅಂದ ಹಾಗೆ, ಒಂದ್ಸಲ ಓದೋಕೆ ಕೊಡಿ ಅಂದ್ರೆ ಹನ್ನೊಂದು ವರ್ಷದಿಂದ 'ಮುಗೀಲಿ, ಮುಗೀಲಿ' ಅಂತಿದೀರ. ಈಗ ಮುಗೀತಲ್ಲ?"

ಅಚ್ಚಾಗಲಿ ಎಂದೆ. ಗಂಭೀರ ಸಾಹಿತ್ಯ ಅವಳಿಗೆ ಹಿಡಿಸುವುದಿಲ್ಲ. ಸುಮ್ಮನೆ ಯಾಕೆ ತೊಂದರೆ ಕೊಡುವುದು.

ಜೂನ್ 5

ಬಸ್ಸಿನಲ್ಲಿ ಒಂದು ಅದ್ಭುತ ವಾಕ್ಯ ಹೊಳೆಯಿತು. 'ಸುಳ್ಳು ಹೆಸರಿನವನನ್ನು ಹಿಡಿಯುವುದು ಸುಲಭ. ಕೂಗಿದಾಗ ಅವನು ತಿರುಗಿ ನೋಡುವುದಿಲ್ಲ.' ಇಳಿದವನೇ ಪ್ರಕಾಶಕರಿಗೆ ಫೋನ್ ಮಾಡಿ ಹದಿನಾಲ್ಕನೇ ಅಧ್ಯಾಯಕ್ಕೆ ಸೇರಿಸಲು ಹೇಳಿದೆ. ಅವರು ಎರಡು ಸಲ 'ವಾಹ್' ಎಂದರು. ಸ್ಫೂರ್ತಿ ಎನ್ನುವುದು ಎಲ್ಲಿಂದ ಬರುತ್ತದೋ, ಬಲ್ಲವರಾರು.

ಜೂನ್ 9

ಪ್ರಕಾಶಕರದು ಹೊಸ ರಗಳೆ. ಕಾದಂಬರಿಯ ಕೊನೆಯ ಭಾಗದಲ್ಲಿ ಆ ಹೆಂಡತಿ ಕಾಣಿಸುವುದೇ ಇಲ್ಲವಂತೆ, ಇನ್ನೊಂದು ಅಧ್ಯಾಯ ಬೇಕಂತೆ. ನಾಯಕ ತನ್ನ ಅಂತರಾತ್ಮದ ಜೊತೆ ಮೂವತ್ತೆರಡು ಪುಟ ಮಾತಾಡುತ್ತಾನಲ್ಲ, ಅದು ಸಾಲದೇ ಎಂದು ಕೇಳಿದೆ. "ಅದನ್ನ ಮೂರು ಪುಟ ಮಾಡೋಣ ಸಾರ್" ಎಂದರು. ಟೈರಿನ ವಾಸನೆ ಕುಡಿದು ಕುಡಿದು ಮನುಷ್ಯನ ಅಭಿರುಚಿ ಹಾಳಾಗಿದೆ.

ಅದೃಷ್ಟವೆಂದರೆ, ನಾಳೆಯಿಂದ ಹೆಂಡತಿ ತಂಗಿಯ ಮನೆಗೆ ಹೋಗುತ್ತಾಳೆ. ನಾದಿನಿಗೆ ಮಂಡಿಯ ಆಪರೇಷನ್ ಆಗಿದೆ. ಒಂದು ವಾರ ಮನೆಯಲ್ಲಿ ಪೂರ್ಣ ನಿಶ್ಶಬ್ದ. ಒಂದು ಅಧ್ಯಾಯವೇನು, ಇನ್ನೊಂದು ಕಾದಂಬರಿಯನ್ನೇ ಬರೆದುಬಿಡಬಹುದು.

ಜೂನ್ 11

'ಅವಳು ಬಾಯಿ ತೆರೆದಳು.'

ಎರಡು ದಿನದಲ್ಲಿ ಬರೆದದ್ದು ಇಷ್ಟು. ಮೇಜಿನ ಮೇಲೆ ಬೆಳಕು ಸರಿಯಾಗಿ ಬೀಳುತ್ತಿಲ್ಲ.

ಜೂನ್ 12

ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಸೊಂಟ ಹಿಡಿದುಕೊಂಡಿತು. ಅವಳು ಇನ್ನೂ ಬಾಯಿ ತೆರೆದೇ ನಿಂತಿದ್ದಾಳೆ.

ಜೂನ್ 14

ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಲು ಅವಳಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಆಯಿತು. ಸಕ್ಕರೆಯ ವಿಷಯ ಬರಲೇ ಇಲ್ಲ. ನಾದಿನಿಯ ಗಂಡನ ಕಥೆಯೇ ಎಲ್ಲ. "ಅವ್ರು ಹೆಂಡತಿ ಸೇವೆ ಮಾಡ್ತಿದ್ದಾರಂತ್ರೀ. ನೀರು ಕೊಟ್ಟಿದ್ದು ಎರಡು ಸಲ, ಕೊಟ್ಟೆ ಅಂತ ಹೇಳಿದ್ದು ಹನ್ನೆರಡು ಸಲ. ಅವಳಿಗೆ ಮಂಡಿಗಿಂತ ಕಿವಿ ಜಾಸ್ತಿ ನೋಯ್ತಿದೆ."

ಆಮೇಲೆ ಕೂತವನು ಒಂದೇ ಉಸಿರಿನಲ್ಲಿ ಒಂಬತ್ತು ಪುಟ ಬರೆದೆ. ನಾಯಕನ ಹೆಂಡತಿಗೆ ಮಂಡಿನೋವು ಬರುತ್ತದೆ, ನಾಯಕ ಸೇವೆ ಮಾಡುತ್ತಾನೆ. ಸಂಭಾಷಣೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಮೇಜಿನ ಜಾಗ ಬದಲಿಸಿದ್ದು ಒಳ್ಳೆಯದೇ ಆಯಿತು.

ಜೂನ್ 17

ಅವಳು ಬಂದಳು. ಬಂದವಳೇ ಮೇಜನ್ನು ಹಳೆಯ ಜಾಗಕ್ಕೆ ತಳ್ಳಿದಳು.

ನಾನು ತೀರ್ಮಾನ ಮಾಡಿಬಿಟ್ಟೆ. ಮೌನಪ್ರಿಯ. ಪ್ರಕಾಶಕರಿಗೆ ತಿಳಿಸಿದೆ. ಹಿಂಬದಿಯ ಪುಟಕ್ಕೆ ಲೇಖಕರ ಪರಿಚಯ ಕೇಳಿದರು, ಬರೆದುಕೊಟ್ಟೆ: 'ಗದ್ದಲದಿಂದ ದೂರವಿದ್ದು, ಜನಜೀವನವನ್ನು ಮೌನವಾಗಿ ಆಲಿಸುತ್ತಾ ಬಂದಿರುವ ಮೌನಪ್ರಿಯರು ತಮ್ಮ ಗುರುತನ್ನು ಹೇಳಿಕೊಳ್ಳಲು ಇಚ್ಛಿಸುವುದಿಲ್ಲ.' ಓದಿಕೊಂಡಾಗ ಆ ಮನುಷ್ಯನ ಬಗ್ಗೆ ನನಗೇ ಗೌರವ ಬಂತು.

ಕರಡಚ್ಚು ತಿದ್ದಲು ಮನೆಗೆ ಕಳಿಸುತ್ತಾರಂತೆ. ಕಚೇರಿಗೆ ಕಳಿಸಿ ಎನ್ನಬೇಕಿತ್ತು. ಆದರೆ ಅಲ್ಲಿ ದೊಡ್ಡ ತಕ್ಕಡಿ ಇದ್ದಾರೆ.

ಜೂನ್ 20

ಇವತ್ತು ಬೆಳಗಿನಿಂದ ತರಕಾರಿ ಮಾರುಕಟ್ಟೆಯಲ್ಲಿ ತಕ್ಕಡಿಗಳನ್ನು ಪರೀಕ್ಷಿಸಿ ಮತ್ತೆ ಇಲಾಖೆಯ ಮುದ್ರೆ ಹಾಕುವ ಕೆಲಸ. ಸೀಸದ ಬಿಲ್ಲೆಗೆ ಮುದ್ರೆ ಒತ್ತಿ ಒತ್ತಿ ಕೈಯೆಲ್ಲ ಕಪ್ಪಾಗಿತ್ತು. ಆರು ಗಂಟೆಗೆ ಮನೆಗೆ ಬಂದರೆ ಅವಳು ಊಟದ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದಳು. ಮುಂದೆ ಕರಡಚ್ಚಿನ ಕಟ್ಟು, ಬಿಚ್ಚಿತ್ತು. ಅವಳಿಗೆ ಇವತ್ತು ರಜೆ ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ.

"ಕೈ ತೊಳ್ಕೊಂಡು ಬನ್ನಿ" ಎಂದಳು. ತೊಳೆದುಕೊಂಡು ಬಂದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.

ಪುಟಗಳ ಅಂಚಿನಲ್ಲೆಲ್ಲ ಟಿಕ್ ಗುರುತು. ಒಂದು ಪುಟದಲ್ಲಿ ಎರಡು, ಇನ್ನೊಂದರಲ್ಲಿ ಏಳು. ಇದೇನು ಎಂದು ಕೇಳಿದೆ.

"ಹಾಜರಿ. ಕೌಂಟರಲ್ಲಿ ಬಂದವರ ಹೆಸರಿನ ಮುಂದೆ ಹಾಕ್ತೀವಲ್ಲ, ಅದೇ. ಇಲ್ಲಿ ನನ್ನ ಮಾತು ಬಂದಿದೆ, ಟಿಕ್. ಇಲ್ಲೂ ಬಂದಿದೆ, ಟಿಕ್. ನೂರ ಅರವತ್ತಮೂರು ಜನ ಹಾಜರ್."

ನಾನು ನಗಲು ನೋಡಿದೆ. ಕಲಾವಿದನಾದವನು ಜೀವನದಿಂದಲೇ ತೆಗೆದುಕೊಳ್ಳಬೇಕಾಗುತ್ತದೆ ಎಂದು ಏನೋ ಶುರು ಮಾಡಿದೆ.

"ತಗೊಳ್ಳಿ. ಸರಿಯಾಗಿ ತಗೊಳ್ಳಿ. ಇಲ್ನೋಡಿ, 'ನಾನು ನಿಮ್ಮ ಬಾಳಸಂಗಾತಿಯೇ ಹೊರತು ದಾಸಿಯಲ್ಲ' ಅಂತೆ! ಇಷ್ಟು ವರ್ಷದಲ್ಲಿ ಒಂದಿನ ನಾನು ಹೀಗೆ ಮಾತಾಡಿದೀನಾ? ಅವತ್ತು ನಾನಂದಿದ್ದು, 'ಚಮಚ ಎಲ್ಲಿದೆ ಅಂತ ಕೇಳೋಕೆ ಮದುವೆ ಆಗ್ಬೇಕಿತ್ತಾ' ಅಂತ." ಅಂಚಿನಲ್ಲಿ ಹಾಗೆಯೇ ತಿದ್ದಿದ್ದಳು. ಅಂಥವು ಹನ್ನೆರಡು ಹದಿಮೂರು ಇದ್ದವು. ಎಲ್ಲವೂ ನನ್ನ ವಾಕ್ಯಕ್ಕಿಂತ ಚೆನ್ನಾಗಿದ್ದವು. ಹೊಟ್ಟೆ ಉರಿಯಿತು.

ಅಲ್ಲಿಯವರೆಗೆ ಅವಳ ದನಿಯಲ್ಲಿ ಸಿಟ್ಟಿದ್ದರೂ ಆಟವೂ ಇತ್ತು. ಆಮೇಲೆ ಕಟ್ಟಿನಿಂದ ಒಂದು ಹಾಳೆಯನ್ನು ಬೇರೆ ತೆಗೆದು ನನ್ನ ಮುಂದೆ ಇಟ್ಟಳು. ಪಿಂಚಣಿ ಕಚೇರಿಯ ಪುಟ. 'ಯಾವ ಕಿಟಕಿ' ಎನ್ನುವ ಆ ಸಾಲಿನ ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ.

"ಇದಕ್ಕೆ ಟಿಕ್ ಹಾಕೋಕೆ ಆಗ್ಲಿಲ್ಲ" ಎಂದಳು.

ಹತ್ತೊಂಬತ್ತು ವರ್ಷದ ಹಿಂದೆ, ಅವಳದೇ ಆಸ್ಪತ್ರೆಯಲ್ಲಿ, ಏಳನೇ ತಿಂಗಳಲ್ಲಿ ನಮ್ಮ ಮಗು ಹೋಯಿತು. ಹೆಣ್ಣುಮಗು. ನರ್ಸು ತಂದುಕೊಟ್ಟ ಫಾರಂನಲ್ಲಿ ಮೊದಲ ಖಾನೆಯೇ ಹೆಸರು. ಅದನ್ನು ಏನೆಂದು ತುಂಬುವುದೆಂದು ತಿಳಿಯದೆ ನಾನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಅವಳು ಗೋಡೆ ಹಿಡಿದುಕೊಂಡು ಎದ್ದು ಬಂದು ಪಕ್ಕದಲ್ಲಿ ಕೂತು ಆ ಫಾರಂ ನೋಡಿದಳು. ಆಗ ಕೇಳಿದ ಮಾತು ಅದು. ಅಳಲೂ ಇಲ್ಲ, ದನಿ ಏರಿಸಲೂ ಇಲ್ಲ. ಕೌಂಟರಿನವಳು ಕೌಂಟರಿನ ಪ್ರಶ್ನೆಯನ್ನೇ ಕೇಳಿದ್ದಳು.

"ಅಲ್ಲಿ ನಾವಿಬ್ರೇ ಇದ್ವಿ" ಎಂದಳು ಇವತ್ತು. "ನಾನು ನಿಮ್ಮನ್ನ ಕೇಳಿದ್ದು ಅದು."

ನಾನು ಆ ಹಾಳೆಯನ್ನು ಮಗುಚಿ ಇಟ್ಟೆ. ಅವಳು ಅದನ್ನು ಮತ್ತೆ ತಿರುಗಿಸಿದಳು.

"ಇಲ್ಲಿ ಜನ ನಗಬೇಕು ಅಂತ ಬರ್ದಿದೀರ ಅಲ್ವಾ? ಓದಿದವ್ರು ಯಾರಾದ್ರೂ ನಕ್ಕರಾ?"

ಇಲ್ಲ ಎಂದೆ.

ಅವಳು ಹಾಳೆಗಳನ್ನು ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ದಾರ ಕಟ್ಟಿದಳು. "ಮಾತಾಡಿದ್ರೆ ಅಚ್ಚಾಗುತ್ತೆ ಅಂತ ಗೊತ್ತಿರ್ಲಿಲ್ಲ ನೋಡಿ" ಎಂದು ಎದ್ದು ಹೋದಳು.

ಜೂನ್ 21

'ಊಟ ಇಟ್ಟಿದೀನಿ' ಎಂದಳು.

ಜೂನ್ 22

'ಛತ್ರಿ ತಗೊಳ್ಳಿ' ಎಂದಳು.

ಜೂನ್ 23

ಇವತ್ತು ಏನೂ ಇಲ್ಲ. ಛತ್ರಿ ನಾನೇ ತೆಗೆದುಕೊಂಡೆ.

ಜೂನ್ 24

ಹಾಗೆಂದು ಅವಳಿಗೆ ಮಾತು ನಿಂತುಹೋಗಿದೆ ಎಂದೇನಲ್ಲ. ಸಂಜೆ ಮೆಟ್ಟಿಲು ಹತ್ತುವಾಗ ಮೇಲಿನಿಂದ ಅವಳ ದನಿ ಕೇಳಿಸಿತು. ಎದುರು ಮನೆಯ ಟೀಚರಿಗೆ ಏನೋ ಕಥೆ ಹೇಳುತ್ತಿದ್ದಳು, ಆಕೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ಕೊನೆಯ ಮೆಟ್ಟಿಲಿಗೆ ಬಂದೆ. ಅವಳು ಅರ್ಧ ವಾಕ್ಯಕ್ಕೆ ನಿಲ್ಲಿಸಿ ಒಳಗೆ ಹೋದಳು. ಟೀಚರು ನನ್ನನ್ನು ನೋಡಿದ ಹಾಗೆ ಯಾವ ಅಂಗಡಿಯ ಮೋಸದ ತಕ್ಕಡಿಯನ್ನೂ ನಾನು ನೋಡಿಲ್ಲ.

ಮನೆಯಲ್ಲಿ ಈಗ ನಾನು ಬಯಸಿದ ಪೂರ್ಣ ನಿಶ್ಶಬ್ದವಿದೆ. ಗಡಿಯಾರದ ಸದ್ದು ಕೇಳಿಸುತ್ತದೆ. ನಾನು ಅಗಿಯುವ ಸದ್ದೂ ಕೇಳಿಸುತ್ತದೆ, ಅದು ಅಷ್ಟು ಜೋರೆಂದು ತಿಳಿದಿರಲಿಲ್ಲ. ಇದನ್ನು ಹೇಗೆ ತಡೆದುಕೊಳ್ಳುವುದೋ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ. ಎರಡನೇ ತಾರೀಖು ಇದೇ ದಿನಚರಿಯಲ್ಲಿ, ಆ ಕಿಟಕಿಯ ಮಾತನ್ನು ಯಾವಾಗ ಬರೆದೆನೋ ನೆನಪಿಲ್ಲ ಎಂದು ಬರೆದಿದ್ದೇನೆ. ಸುಳ್ಳು. ಹಳೆಯ ದಿನಚರಿಯಲ್ಲಿ ಆ ಪುಟಕ್ಕೆ ತಾರೀಖಿದೆ, ಆ ತಾರೀಖು ನನಗೆ ಬಾಯಿಪಾಠ. ಕಾದಂಬರಿಗೆ ಇಳಿಸುವಾಗ ಒಂದು ಕ್ಷಣ ಪೆನ್ನು ನಿಂತಿತ್ತು. ಆಮೇಲೆ, ಮಾತು ಚೆನ್ನಾಗಿದೆಯಲ್ಲ ಎಂದುಕೊಂಡೆ. ಬೇರೆ ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವವನನ್ನು ಪ್ರಾಮಾಣಿಕ, ಸಂವೇದನಾಶೀಲ ಇನ್‌ಸ್ಪೆಕ್ಟರು ಎನ್ನುತ್ತಾರೆ.

ಜೂನ್ 25

ಪ್ರಕಾಶಕರ ಕಚೇರಿಗೆ ಹೋಗಿ ಆ ಸಾಲನ್ನು ತೆಗೆಯಿರಿ ಎಂದೆ. ಅವರು ಎದೆ ಹಿಡಿದುಕೊಂಡರು.

"ಸಾರ್, ಪುಸ್ತಕದಲ್ಲಿ ಇರೋದೇ ಅದೊಂದು ಮಾತು!"

"ಅದು ನನ್ನದಲ್ಲ."

"ಯಾರದಾದ್ರೇನು ಸಾರ್, ಹೆಸರೂ ನಿಮ್ಮದಲ್ವಲ್ಲ?"

ನಾನೇ ಪೆನ್ನು ತೆಗೆದುಕೊಂಡು ಸಾಲನ್ನು ಹೊಡೆದುಹಾಕಿದೆ. ಈಗ ಗುಮಾಸ್ತ ಫೈಲು ಕಳೆದಿದೆ ಎನ್ನುತ್ತಾನೆ, ಅವಳು ಸುಮ್ಮನೆ ಕಿಟಕಿಯಿಂದ ಹಿಂದೆ ಸರಿಯುತ್ತಾಳೆ. ಪುಟ ಸಪ್ಪೆಯಾಯಿತು ಎಂದರು ಪ್ರಕಾಶಕರು. ಆಗಲಿ.

ಜೂನ್ 26

ಮುಖಪುಟಕ್ಕೆ ನಿನ್ನ ಹೆಸರು ಹಾಕಿಸುತ್ತೇನೆ ಎಂದು ಅವಳಿಗೆ ಹೇಳಿದೆ. ಹೇಳುವಾಗ ನನ್ನ ತ್ಯಾಗಕ್ಕೆ ನನ್ನ ಕಣ್ಣೇ ಒದ್ದೆಯಾಗಿತ್ತು. ಅವಳು ಬಟ್ಟೆ ಮಡಚುತ್ತಿದ್ದಳು. ಆರು ದಿನದ ಮೇಲೆ ನಾಲ್ಕಕ್ಕಿಂತ ಹೆಚ್ಚು ಪದಗಳು ಹೊರಬಂದವು.

"ನಾನ್ಯಾಕೆ ಹೊರಲಿ? ಆ ಮೂವತ್ತೆರಡು ಪುಟ ಒಬ್ರೇ ಮಾತಾಡ್ಕೊಳ್ಳೋದು ನಾನು ಬರ್ದಿದ್ದು ಅಂತ ಜನ ಅಂದ್ಕೊಳ್ಳೋಕಾ?"

"ಅದನ್ನ ನಿನ್ನೆ ಮೂರು ಮಾಡಿದ್ರು."

"ಮೂರೂ ಬೇಡ. ನಾನು ಆಡಿದ್ದು, ಅಷ್ಟೆ. ಬರೆಯೋಕೆ ಕೂತಿದ್ದು ನೀವು. ನಿಮ್ಮ ಹೆಸರೇ ಇರ್ಲಿ, ಇಟ್ಟ ಹೆಸರು. ಕದ್ದೋರ ಹೆಸರು ಮೇಲೇ ಇದ್ರೆ ಹುಡುಕೋ ಕೆಲ್ಸ ತಪ್ಪುತ್ತೆ."

"ದೊಡ್ಡ ತಕ್ಕಡಿ ನನ್ನನ್ನ ಸುಮ್ನೆ ಬಿಡಲ್ಲ. ಎತ್ತಂಗಡಿ ಮಾಡಿಸ್ತಾರೆ."

"ನೀವು ಹೆದ್ರಿದ್ದು ಅವ್ರಿಗಾ?" ಎಂದು ಕೇಳಿದಳು. ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಹೋದಳು. ಮತ್ತೆ ಮಾತಿಲ್ಲ.

ಮತ್ಯಾರಿಗೆ ಹೆದರುತ್ತಾರಂತೆ? ಹನ್ನೊಂದು ವರ್ಷ ನಾನು ಹಸ್ತಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು, ದೊಡ್ಡ ತಕ್ಕಡಿಯವರು ನಮ್ಮ ಮಲಗುವ ಕೋಣೆಗೆ ಬಂದು ಓದಿಯಾರು ಎಂದೇ ಇರಬೇಕು.

ಜೂನ್ 28

ನಿನ್ನೆ ನನ್ನ ಹೆಸರಿನಲ್ಲೇ ಪುಸ್ತಕ ತರುವ ಅನುಮತಿಯ ಅರ್ಜಿಯ ಜೊತೆ ಇಡೀ ಕರಡಚ್ಚನ್ನು ದೊಡ್ಡ ತಕ್ಕಡಿಯವರ ಮೇಜಿನ ಮೇಲಿಟ್ಟಿದ್ದೆ. ಇವತ್ತು ಕರೆಸಿದರು. ಎತ್ತಂಗಡಿಗೆ ಯಾವ ಪೆಟ್ಟಿಗೆ ಒಯ್ಯುವುದೆಂದು ಯೋಚಿಸುತ್ತಲೇ ಒಳಗೆ ಹೋದೆ. ಅವರು ಎದ್ದು ಬಾಗಿಲು ಹಾಕಿದರು, ಕುರ್ಚಿ ನಿಟ್ಟುಸಿರು ಬಿಟ್ಟಿತು.

"ಆ ಪೆದ್ದ ಅಧಿಕಾರಿ ಯಾರು ಅಂತ ನಂಗೆ ಮೊದಲ್ನೇ ಪುಟದಲ್ಲೇ ಗೊತ್ತಾಯ್ತು ಕಣ್ರೀ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಪಕ್ಕದ ವಿಭಾಗದವನು! ಥೇಟ್ ಅವ್ನೇ! ಆ ನಡಿಗೆ, ಆ ದುರಹಂಕಾರ, ಆ ಕೂತ ಕಡೆ ನಿದ್ದೆ! ಎಂಥ ಧೈರ್ಯ ರೀ ನಿಮ್ದು." ಸಹಿ ಹಾಕಿದರು. ಹತ್ತು ಪ್ರತಿ ಬೇಕು, ಪಕ್ಕದ ವಿಭಾಗಕ್ಕೆ ಕಳಿಸಲು ಒಂದು ಬೇರೆ, ಎಂದರು.

ಈ ಮನುಷ್ಯನಿಗೆ ಹೆದರಿ ನಾನು ಮೌನಪ್ರಿಯನಾಗಲು ಹೊರಟಿದ್ದೆ. ಮೊದಲಾಗಿದ್ದರೆ ಮನೆಗೆ ಓಡಿ ಬಂದು ಇದನ್ನು ಅವಳಿಗೆ ಹೇಳುತ್ತಿದ್ದೆ, ಅವಳು ಅದಕ್ಕೊಂದು ಮಾತು ಸೇರಿಸುತ್ತಿದ್ದಳು, ನಗು ಅಡುಗೆಮನೆ ದಾಟಿ ಹೋಗುತ್ತಿತ್ತು. ಇವತ್ತೂ ಹೇಳಿದೆ. "ಒಳ್ಳೇದಾಯ್ತು" ಎಂದಳು.

ಜೂನ್ 30

ಮುಖಪುಟ ಅಚ್ಚಿಗೆ ಹೋಯಿತು. ನನ್ನ ಹೆಸರು, ಶಾಲೆಯ ದಾಖಲೆಯಲ್ಲಿ ಇರುವಂತೆ, ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಅಷ್ಟು ದೊಡ್ಡ ಅಕ್ಷರದಲ್ಲಿ ನೋಡಿ ಖುಷಿಯಾಗಬೇಕಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ, ಪುಸ್ತಕ ನಿಂತುಹೋದರೂ ಪರವಾಗಿಲ್ಲ, ಅವಳು ಒಂದು ಸಲ ನನ್ನನ್ನು ಗರಗಸ ಎನ್ನಲಿ ಎನಿಸಿತು.

ಜುಲೈ 4

ಸಂಜೆ ಈ ದಿನಚರಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಅವಳು ಆಸ್ಪತ್ರೆಯಿಂದ ಬಂದಳು, ಚಪ್ಪಲಿ ಬಿಡುತ್ತಿದ್ದ ಹಾಗೆಯೇ, "ಇವತ್ತು ಏನಾಯ್ತು ಗೊತ್ತಾ, ಒಬ್ಬ ಅಜ್ಜ ಬಂದು" ಎಂದು ಶುರು ಮಾಡಿದಳು. ಅಭ್ಯಾಸದಿಂದ ಬಾಯಿಗೆ ಬಂದದ್ದು. ತಕ್ಷಣ ನಿಲ್ಲಿಸಿದಳು. ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು.

ಪೆನ್ನಿಗೆ ಕ್ಯಾಪು ಹಾಕಿದೆ. ಪುಸ್ತಕ ಮುಚ್ಚಿದೆ. ಅವಳು ಇನ್ನೂ ನೋಡುತ್ತಲೇ ಇದ್ದಳು. ಎದ್ದು ಎರಡನ್ನೂ ಒಳಗಿನ ಕೋಣೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಬಂದು, ಖಾಲಿ ಕೈ ಮೇಜಿನ ಮೇಲಿಟ್ಟು ಕೂತೆ. ಅಜ್ಜ ಬಂದು ಏನಂದ ಎಂದು ಕೇಳಿದೆ.

ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಹೇಳಿದಳು. ಪೂರ್ತಿ ಹೇಳಿದಳು, ಅಜ್ಜನ ದನಿ ತೆಗೆದು, ಡಾಕ್ಟರ ಮುಖ ಮಾಡಿ. ಕೊನೆಯಲ್ಲಿ ಅಜ್ಜನಿಗೆ ತಾನು ಕೊಟ್ಟ ಉತ್ತರ ಹೇಳಿದಾಗ ನಾನು ಪಕ್ಕೆ ಹಿಡಿದುಕೊಂಡು ನಕ್ಕೆ, ನಗುತ್ತಾ ನಗುತ್ತಾ ಯಾಕೋ ಅತ್ತುಬಿಟ್ಟೆ. ಅವಳು ಎದ್ದು ಹೋಗಲಿಲ್ಲ.

ಈಗ ಅವಳು ಮಲಗಿದ ಮೇಲೆ ಇಷ್ಟು ಬರೆಯುತ್ತಿದ್ದೇನೆ. ಅಜ್ಜನಿಗೆ ಅವಳು ಕೊಟ್ಟ ಉತ್ತರ ಏನೆಂದರೆ,

ಇಲ್ಲ. ಅದು ಅವಳು ನನಗೆ ಹೇಳಿದ್ದು.